ಓರೆ ಬಲ, ಅದರ ಘಟಕಗಳು ಮತ್ತು ಘರ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಲ ನೆಲಕ್ಕೆ ಸಮಾಂತರವಾಗಿದ್ದರೆ ಘರ್ಷಣೆಯ ಲೆಕ್ಕ ಯಾರನ್ನೂ ಕಾಡುವುದಿಲ್ಲ. ಬಲ ಸ್ವಲ್ಪ ಓರೆಯಾದರೆ ಸಾಕು, ಉತ್ತರ ತಪ್ಪತೊಡಗುತ್ತದೆ. ತಪ್ಪುವ ಜಾಗ ಹೆಚ್ಚಾಗಿ ಒಂದೇ. ವಸ್ತುವನ್ನು ಮುಂದಕ್ಕೆ ಎಳೆಯುವ ಘಟಕವನ್ನು ಎಲ್ಲರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮೇಲ್ಮೈಗೆ ಲಂಬವಾಗಿರುವ ಘಟಕವನ್ನು ಮರೆತುಬಿಡುತ್ತಾರೆ. ಘರ್ಷಣೆ ಎಷ್ಟಿರಬೇಕು ಎಂದು ನಿರ್ಧರಿಸುವುದೇ ಆ ಎರಡನೆಯ ಘಟಕ. ಕೆಳಗಿನ ಉತ್ತರಗಳೆಲ್ಲ ಬೇರೆ ಬೇರೆ ದಾರಿಯಲ್ಲಿ ಇದೇ ಮಾತಿಗೆ ಬಂದು ಸೇರುತ್ತವೆ. ಲೆಕ್ಕ ಸಲೀಸಾಗಲಿ ಎಂದು ಗುರುತ್ವ ವೇಗೋತ್ಕರ್ಷವನ್ನು ಎಲ್ಲ ಕಡೆ 10 ಎಂದೇ ಇಟ್ಟುಕೊಂಡಿದ್ದೇನೆ.

ಓರೆ ಬಲವನ್ನು ಎರಡಾಗಿ ಒಡೆಯಲೇಬೇಕಾ?

ಹೌದು. ಯಾಕೆಂದರೆ ಮೇಲ್ಮೈ ಎರಡು ದಿಕ್ಕಿನಲ್ಲಿ ಎರಡು ಬೇರೆ ಕೆಲಸ ಮಾಡುತ್ತದೆ. ತನಗೆ ಲಂಬವಾದ ದಿಕ್ಕಿನಲ್ಲಿ ಅದು ವಸ್ತುವನ್ನು ಒಳಗೆ ಇಳಿಯದಂತೆ ತಡೆಯುತ್ತದೆ. ಇದು ನಾರ್ಮಲ್ ಬಲ. ತನ್ನ ಉದ್ದಕ್ಕೂ ಇರುವ ದಿಕ್ಕಿನಲ್ಲಿ ಜಾರುವುದನ್ನು ತಡೆಯುತ್ತದೆ. ಇದು ಘರ್ಷಣೆ. ಹಾಗಾಗಿ ನಾವು ಹಾಕಿದ ಬಲ ಆ ಒಂದೊಂದು ದಿಕ್ಕಿಗೂ ಎಷ್ಟೆಷ್ಟು ಸಲ್ಲುತ್ತದೆ ಎಂದು ಗೊತ್ತಾಗಬೇಕು. ಘಟಕ ಎಂದರೆ ಅಷ್ಟೇ: ಬಲದ ಬಾಣದ ನೆರಳು ಒಂದು ದಿಕ್ಕಿನ ಮೇಲೆ ನೆಟ್ಟಗೆ ಬಿದ್ದರೆ ಎಷ್ಟು ಉದ್ದ ಇರುತ್ತದೋ ಅಷ್ಟು.

ಒಂದು ಲೆಕ್ಕವನ್ನು ಮೊದಲಿಂದ ಕೊನೆವರೆಗೆ ಮಾಡಿ ತೋರಿಸುತ್ತೀರಾ?

20 ಕೆಜಿಯ ಪೆಟ್ಟಿಗೆ ಸಮತಟ್ಟಾದ ನೆಲದ ಮೇಲೆ ಜಾರುತ್ತಿದೆ. ಹಗ್ಗ ಕಟ್ಟಿ 100 ನ್ಯೂಟನ್ ಬಲದಿಂದ ಎಳೆಯುತ್ತಿದ್ದೇವೆ. ಹಗ್ಗ ನೆಲದಿಂದ 30° ಮೇಲಕ್ಕಿದೆ. ಚಲನ ಘರ್ಷಣೆಯ ಗುಣಾಂಕ (ಜಾರುವಾಗಿನ ಘರ್ಷಣೆ ನಾರ್ಮಲ್ ಬಲದ ಎಷ್ಟು ಪಾಲು ಎಂದು ಹೇಳುವ ಸಂಖ್ಯೆ) 0.3. ವೇಗೋತ್ಕರ್ಷ ಎಷ್ಟು?

ಮೊದಲು ಹಗ್ಗದ ಬಲವನ್ನು ಒಡೆಯೋಣ. ಮುಂದಕ್ಕೆ 100 × ಕಾಸ್ 30°, ಅಂದರೆ 86.6 ನ್ಯೂಟನ್. ಮೇಲಕ್ಕೆ 100 × ಸೈನ್ 30°, ಅಂದರೆ 50 ನ್ಯೂಟನ್.

ಈಗ ಮುಂದಿನ ದಿಕ್ಕನ್ನು ಬದಿಗಿಟ್ಟು, ಮೇಲೆ ಕೆಳಗಿನ ದಿಕ್ಕನ್ನೇ ಮೊದಲು ಮುಗಿಸಿ. ಈ ಕ್ರಮ ಮುಖ್ಯ. ಪೆಟ್ಟಿಗೆಯ ತೂಕ 200 ನ್ಯೂಟನ್ ಕೆಳಕ್ಕೆ. ಹಗ್ಗ 50 ನ್ಯೂಟನ್ನಷ್ಟು ಮೇಲಕ್ಕೆತ್ತುತ್ತಿದೆ. ಪೆಟ್ಟಿಗೆ ಮೇಲಕ್ಕೂ ಏಳುತ್ತಿಲ್ಲ, ಕೆಳಕ್ಕೂ ಇಳಿಯುತ್ತಿಲ್ಲ. ಹಾಗಾದರೆ ನೆಲ ಹೊರಬೇಕಾದದ್ದು ಉಳಿದ 150 ಮಾತ್ರ. ನಾರ್ಮಲ್ ಬಲ 150 ನ್ಯೂಟನ್.

ಘರ್ಷಣೆ = 0.3 × 150 = 45 ನ್ಯೂಟನ್. ಮುಂದಕ್ಕೆ ಉಳಿಯುವ ಬಲ 86.6 − 45 = 41.6. ಅದನ್ನು 20ರಿಂದ ಭಾಗಿಸಿದರೆ ವೇಗೋತ್ಕರ್ಷ ಸುಮಾರು 2.1 ಮೀಟರ್ ಪ್ರತಿ ಸೆಕೆಂಡ್ ವರ್ಗ.

ನಾರ್ಮಲ್ ಬಲವನ್ನು ಯೋಚಿಸದೆ 200 ಎಂದೇ ಬರೆದಿದ್ದರೆ? ಘರ್ಷಣೆ 60 ಆಗುತ್ತಿತ್ತು, ವೇಗೋತ್ಕರ್ಷ 1.33. ಸಣ್ಣ ವ್ಯತ್ಯಾಸ ಅಲ್ಲ ಇದು. ಉತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿಯೇ ಕೈಬಿಟ್ಟುಹೋಯಿತು.

86.6ಕ್ಕೆ 50 ಸೇರಿಸಿದರೆ 136.6 ಬರುತ್ತದೆ. ಹಾಕಿದ್ದು 100 ಮಾತ್ರ ಅಲ್ವಾ?

ಒಳ್ಳೆಯ ಅನುಮಾನ. ಬೇರೆ ಬೇರೆ ದಿಕ್ಕಿನ ಬಲಗಳನ್ನು ಸುಮ್ನೆ ಕೂಡಿಸುವಂತಿಲ್ಲ. ಎರಡು ಘಟಕಗಳ ನಡುವೆ 90° ಕೋನ ಇರುವುದರಿಂದ ಪೈಥಾಗೊರಸ್ ಪ್ರಮೇಯದಂತೆ ಸೇರಿಸಬೇಕು. 86.6ರ ವರ್ಗ 7500, 50ರ ವರ್ಗ 2500. ಒಟ್ಟು 10000, ಅದರ ವರ್ಗಮೂಲ 100. ಲೆಕ್ಕ ಸರಿಹೋಯಿತು. ಘಟಕ ಮಾಡಿದ ಮೇಲೆ ಪ್ರತಿ ಸಲ ಹೀಗೊಂದು ತಾಳೆ ನೋಡುವುದು ಒಳ್ಳೆಯದು. ಮೂಲ ಬಲಕ್ಕಿಂತ ದೊಡ್ಡ ಘಟಕ ಬಂದರಂತೂ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ಒಂದಕ್ಕೊಂದು ಲಂಬವಾದ ಅಕ್ಷಗಳ ಮೇಲೆ ಒಡೆದಾಗ ಹಾಗೆ ಬರಲು ಸಾಧ್ಯವೇ ಇಲ್ಲ.

ಸೈನ್ ಎಲ್ಲಿ ಹಾಕಬೇಕು, ಕಾಸ್ ಎಲ್ಲಿ ಹಾಕಬೇಕು?

"ಅಡ್ಡಕ್ಕೆ ಕಾಸ್, ಮೇಲಕ್ಕೆ ಸೈನ್" ಎಂದು ಬಾಯಿಪಾಠ ಮಾಡಿಕೊಂಡಿದ್ದರೆ ದಯವಿಟ್ಟು ಇವತ್ತೇ ಬಿಟ್ಟುಬಿಡಿ. ಕೋನವನ್ನು ನೆಲದಿಂದ ಅಳೆದಾಗ ಮಾತ್ರ ಅದು ಸರಿ. "ಹಗ್ಗ ಲಂಬ ರೇಖೆಯ ಜೊತೆ 30° ಕೋನ ಮಾಡುತ್ತದೆ" ಎಂದು ಪ್ರಶ್ನೆಯಲ್ಲಿದ್ದರೆ ಪೂರ್ತಿ ಉಲ್ಟಾ ಆಗುತ್ತದೆ.

ನಂಬಬಹುದಾದ ನಿಯಮ ಇದು: ಬಲದ ಬಾಣಕ್ಕೂ ಯಾವ ಅಕ್ಷಕ್ಕೂ ನಡುವೆ ಆ ಕೋನ ಇದೆಯೋ, ಆ ಅಕ್ಷದ ಘಟಕಕ್ಕೆ ಕಾಸ್. ಇನ್ನೊಂದಕ್ಕೆ ಸೈನ್.

ಅನುಮಾನ ಉಳಿದರೆ ಕೋನವನ್ನು ಮನಸ್ಸಿನಲ್ಲೇ ಸೊನ್ನೆ ಮಾಡಿ ನೋಡಿ. ಹಗ್ಗ ನೆಲದಿಂದ 0° ಆದರೆ ಅದು ಪೂರ್ತಿ ಮುಂದಕ್ಕೇ ಎಳೆಯುತ್ತದೆ, ಮೇಲಕ್ಕೆ ಏನೂ ಇಲ್ಲ. ಕಾಸ್ 0° ಅಂದರೆ 1, ಸೈನ್ 0° ಅಂದರೆ 0. ಹಾಗಾಗಿ ಮುಂದಿನದಕ್ಕೆ ಕಾಸ್. ಇಷ್ಟು ಪರೀಕ್ಷೆಗೆ ಐದು ಸೆಕೆಂಡ್ ಸಾಕು. ಇಳಿಜಾರಿನ ಲೆಕ್ಕದಲ್ಲೂ ಇದು ಚೆನ್ನಾಗಿ ಕೈಹಿಡಿಯುತ್ತದೆ.

ಅದೇ ಕೋನದಲ್ಲಿ ಎಳೆಯುವ ಬದಲು ತಳ್ಳಿದರೆ ಏನಾಗುತ್ತದೆ?

ಮೇಲಿನ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಈಗ ಹಿಂದೆ ನಿಂತು, ನೆಲದ ಕಡೆಗೆ 30° ಬಾಗಿದ ದಿಕ್ಕಿನಲ್ಲಿ 100 ನ್ಯೂಟನ್ ಹಾಕಿ ತಳ್ಳುತ್ತಿದ್ದೇವೆ. ಮುಂದಿನ ಘಟಕ ಮೊದಲಿನಷ್ಟೇ, 86.6. ಆದರೆ 50 ನ್ಯೂಟನ್ ಈಗ ಕೆಳಕ್ಕೆ ಒತ್ತುತ್ತದೆ. ನಾರ್ಮಲ್ ಬಲ 200 + 50 = 250. ಘರ್ಷಣೆ 75. ಮುಂದಕ್ಕೆ ಉಳಿದದ್ದು 11.6 ಮಾತ್ರ, ವೇಗೋತ್ಕರ್ಷ 0.58.

ಒಂದೇ ಪೆಟ್ಟಿಗೆ, ಒಂದೇ ಬಲ, ಒಂದೇ ಕೋನ. ಎಳೆದರೆ 2.1, ತಳ್ಳಿದರೆ 0.58. ಮುಂದಿನ ಘಟಕದಲ್ಲಿ ಕೂದಲಷ್ಟೂ ವ್ಯತ್ಯಾಸ ಇಲ್ಲ. ಬದಲಾದದ್ದೆಲ್ಲ ಲಂಬ ಘಟಕದಿಂದ.

ಹಾಗಾದರೆ ಯಾವ ಕೋನದಲ್ಲಿ ಎಳೆದರೆ ಹೆಚ್ಚು ಲಾಭ?

ನೆಲಕ್ಕೆ ಸಮಾಂತರವಾಗಿ ಎಳೆಯುವುದೇ ಒಳ್ಳೆಯದು ಎಂದು ಅನಿಸುವುದು ಸಹಜ. ಹೇಗೂ ಪೂರ್ತಿ ಬಲ ಮುಂದಕ್ಕೇ ಹೋಗುತ್ತದಲ್ಲ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಅದೇ 100 ನ್ಯೂಟನ್ನನ್ನು 0° ಕೋನದಲ್ಲಿ ಹಾಕಿದರೆ ಘರ್ಷಣೆ 60, ಉಳಿಯುವುದು 40, ವೇಗೋತ್ಕರ್ಷ 2. ಅಂದರೆ 30° ಓರೆಗಿಂತ ಸ್ವಲ್ಪ ಕಡಿಮೆಯೇ! ಹಾಗಂತ 60°ಗೆ ಏರಿಸಿದರೆ ಮುಂದಿನ ಘಟಕ 50ಕ್ಕೆ ಇಳಿಯುತ್ತದೆ. ನಾರ್ಮಲ್ ಬಲ 113.4, ಘರ್ಷಣೆ 34, ಉಳಿಯುವುದು 16. ವೇಗೋತ್ಕರ್ಷ 0.8.

ಇಲ್ಲಿ ಎರಡು ವಿಷಯ ಒಂದಕ್ಕೊಂದು ಎದುರಾಗಿ ಎಳೆದಾಡುತ್ತವೆ. ಕೋನ ಹೆಚ್ಚಿದಂತೆ ಘರ್ಷಣೆ ಕಡಿಮೆಯಾಗುತ್ತದೆ, ಮುಂದಿನ ಘಟಕವೂ ಕಡಿಮೆಯಾಗುತ್ತದೆ. ಸಣ್ಣ ಕೋನದಲ್ಲಿ ಕಾಸ್ ತುಂಬಾ ನಿಧಾನವಾಗಿ ಇಳಿಯುತ್ತದೆ, ಸೈನ್ ಬೇಗ ಏರುತ್ತದೆ. ಅದಕ್ಕೇ ಶುರುವಿನಲ್ಲಿ ಲಾಭ. ಒಂದು ಹಂತ ದಾಟಿದ ಮೇಲೆ ನಷ್ಟ. ಆ ಹಂತ ಎಲ್ಲಿದೆ ಎಂದರೆ, ಕೋನದ ಟ್ಯಾನ್ ಘರ್ಷಣಾ ಗುಣಾಂಕಕ್ಕೆ ಸಮ ಆಗುವಲ್ಲಿ. ನಮ್ಮ ಲೆಕ್ಕದಲ್ಲಿ ಟ್ಯಾನ್ ಬೆಲೆ 0.3, ಕೋನ ಸುಮಾರು 16.7°. ಅಲ್ಲಿ ವೇಗೋತ್ಕರ್ಷ 2.22. ಇದಕ್ಕಿಂತ ಹೆಚ್ಚು ಈ ಹಗ್ಗದಿಂದ ಸಿಗುವುದಿಲ್ಲ.

ಈ ಫಲಿತಾಂಶ ನನಗೆ ತುಂಬಾ ಇಷ್ಟ. ಪೆಟ್ಟಿಗೆ ಎಷ್ಟು ಭಾರ, ಎಷ್ಟು ಬಲ ಹಾಕಿದೆವು ಎಂಬುದು ಅದರಲ್ಲಿ ಬರುವುದೇ ಇಲ್ಲ. ನೆಲ ಎಷ್ಟು ಒರಟು ಎಂಬುದೊಂದೇ ಕೋನವನ್ನು ಹೇಳಿಬಿಡುತ್ತದೆ. ಪೆಟ್ಟಿಗೆ ನೆಲ ಬಿಟ್ಟು ಏಳುವಷ್ಟು ಬಲ ಹಾಕಬಾರದು, ಅದೊಂದೇ ಷರತ್ತು.

ಎಷ್ಟೇ ಬಲ ಹಾಕಿ ತಳ್ಳಿದರೂ ವಸ್ತು ಕದಲದೇ ಇರುವುದು ಸಾಧ್ಯವೇ?

ಸಾಧ್ಯ. ನೆಲದ ಕಡೆಗೆ ಬಾಗಿಸಿ ತಳ್ಳುವಾಗ ಕೋನ ಹೆಚ್ಚಾದರೆ, ನಾವು ಹಾಕುವ ಬಲವೇ ಘರ್ಷಣೆಯ ಮಿತಿಯನ್ನೂ ಹೆಚ್ಚಿಸುತ್ತಾ ಹೋಗುತ್ತದೆ. ಮುಂದಿನ ಘಟಕ "ಬಲ × ಕಾಸ್". ನಮ್ಮ ಒತ್ತುವಿಕೆಯಿಂದ ಹೆಚ್ಚಾಗುವ ಮಿತಿ "ಮ್ಯೂ × ಬಲ × ಸೈನ್" (ಮ್ಯೂ ಎಂದರೆ ಘರ್ಷಣೆಯ ಗುಣಾಂಕ). ಎರಡನೆಯದು ಮೊದಲನೆಯದಕ್ಕೆ ಸಮವಾದರೆ ಅಥವಾ ಮೀರಿದರೆ ಬಲವನ್ನು ನೂರು ಪಟ್ಟು ಮಾಡಿದರೂ ಪ್ರಯೋಜನ ಇಲ್ಲ. ಸ್ಥಿರ ಘರ್ಷಣೆಯ (ಅಂದರೆ ನಿಂತಿರುವ ವಸ್ತುವಿನ ಮೇಲಿನ ಘರ್ಷಣೆಯ) ಗುಣಾಂಕ 0.4 ಆದರೆ ಈ ಗಡಿ ನೆಲದಿಂದ ಸುಮಾರು 68°.

ಇಳಿಜಾರಿನ ಲೆಕ್ಕದಲ್ಲಿ ಅಕ್ಷಗಳನ್ನೇ ಯಾಕೆ ಓರೆ ಮಾಡುತ್ತಾರೆ?

ಕೆಲಸ ಕಡಿಮೆ ಆಗುತ್ತದೆ ಎಂದು, ಬೇರೆ ಕಾರಣ ಇಲ್ಲ. ಒಂದು ಅಕ್ಷ ಇಳಿಜಾರಿನ ಉದ್ದಕ್ಕೆ, ಇನ್ನೊಂದು ಅದಕ್ಕೆ ಲಂಬ. ಆಗ ಘರ್ಷಣೆ ಒಂದು ಅಕ್ಷದ ಮೇಲೆ ನೆಟ್ಟಗೆ ಕೂರುತ್ತದೆ, ನಾರ್ಮಲ್ ಬಲ ಇನ್ನೊಂದರ ಮೇಲೆ. ಒಡೆಯಬೇಕಾದದ್ದು ತೂಕವೊಂದನ್ನೇ. ಜಾರುವುದಿದ್ದರೆ ವೇಗೋತ್ಕರ್ಷವೂ ಒಂದೇ ಅಕ್ಷದ ಮೇಲೆ ಇರುತ್ತದೆ. ನೆಲದ ಅಕ್ಷಗಳನ್ನೇ ಇಟ್ಟುಕೊಂಡರೂ ಉತ್ತರ ಅದೇ ಬರುತ್ತದೆ. ಆದರೆ ನಾರ್ಮಲ್ ಬಲ, ಘರ್ಷಣೆ, ವೇಗೋತ್ಕರ್ಷ ಮೂರನ್ನೂ ಒಡೆದು, ಎರಡು ಸಮೀಕರಣ ಒಟ್ಟಿಗೆ ಬಿಡಿಸಬೇಕು. ಒಮ್ಮೆ ಹಾಗೂ ಮಾಡಿ ನೋಡಿ, ಎರಡೂ ದಾರಿ ಒಂದೇ ಕಡೆ ಸೇರುವುದನ್ನು ನೋಡಿದರೆ ಧೈರ್ಯ ಬರುತ್ತದೆ.

ಇಳಿಜಾರಿನ ಕೋನ ತೂಕದ ತ್ರಿಕೋನದೊಳಗೆ ಹೇಗೆ ಬಂತು?

ಪುಸ್ತಕದ ಚಿತ್ರದಲ್ಲಿ ಥೀಟಾ, ಅಂದರೆ ಇಳಿಜಾರಿನ ಕೋನ, ಎರಡು ಕಡೆ ಇರುತ್ತದೆ. ಇಳಿಜಾರಿನ ಬುಡದಲ್ಲಿ ಒಂದು, ಪೆಟ್ಟಿಗೆಯ ಕೆಳಗೆ ಇನ್ನೊಂದು. ಎರಡನೆಯದನ್ನು ಯಾಕೆ ಎಂದು ಕೇಳದೆ ಒಪ್ಪಿಕೊಂಡರೆ ಮುಂದೆ ಕಷ್ಟ.

ಇಳಿಜಾರು ಮೊದಲು ಸಮತಟ್ಟಾಗಿತ್ತು ಎಂದುಕೊಳ್ಳಿ. ಆಗ ಮೇಲ್ಮೈಗೆ ಎಳೆದ ಲಂಬ ಗೆರೆಯೂ ತೂಕದ ಬಾಣವೂ ಒಂದರ ಮೇಲೊಂದು ಬೀಳುತ್ತವೆ. ಈಗ ಹಲಗೆಯನ್ನು ಒಂದು ತುದಿಯಿಂದ 20° ಎತ್ತಿ. ಹಲಗೆಯ ಜೊತೆ ಅದರ ಲಂಬ ಗೆರೆಯೂ 20° ತಿರುಗುತ್ತದೆ. ತೂಕದ ಬಾಣ ಮಾತ್ರ ಇದ್ದಲ್ಲೇ, ನೇರ ಭೂಮಿಯ ಕಡೆಗೆ. ಎರಡರ ನಡುವೆ ತೆರೆದುಕೊಂಡ ಕೋನ ಅದೇ 20°. ಅಂದಮೇಲೆ ಕೋನ ಇರುವುದು ತೂಕಕ್ಕೂ ಲಂಬ ಅಕ್ಷಕ್ಕೂ ನಡುವೆ. ಆದ್ದರಿಂದ ಲಂಬ ಘಟಕಕ್ಕೆ ಕಾಸ್, ಜಾರಿಸುವ ಘಟಕಕ್ಕೆ ಸೈನ್.

ಹಲಗೆ ಕಡಿದಾದಷ್ಟೂ ಜಾರಿಸುವ ಪಾಲು ಹೆಚ್ಚು ಎಂಬುದನ್ನು 1586ರಲ್ಲೇ ಫ್ಲೆಮಿಶ್ ಗಣಿತಜ್ಞ ಸೈಮನ್ ಸ್ಟೆವಿನ್ ಬಹಳ ಚೆಂದವಾಗಿ ತೋರಿಸಿದ್ದರು. ಒಂದು ತ್ರಿಕೋನ, ಅದರ ಒಂದು ಓರೆ ಬದಿ ಇನ್ನೊಂದರ ಎರಡರಷ್ಟು ಉದ್ದ. ಅದರ ಸುತ್ತ 14 ಸಮ ಗುಂಡುಗಳ ಮಾಲೆ. ಉದ್ದ ಬದಿಯ ಮೇಲೆ 4 ಗುಂಡು, ಗಿಡ್ಡ ಬದಿಯ ಮೇಲೆ 2, ಉಳಿದವು ಕೆಳಗೆ ಸಮವಾಗಿ ಜೋತುಬಿದ್ದಿವೆ. ಮಾಲೆ ತಾನಾಗಿ ತಿರುಗತೊಡಗಿದರೆ ಎಂದೆಂದೂ ನಿಲ್ಲಬಾರದು, ಅದು ಆಗದ ಮಾತು. ಹಾಗಾಗಿ 4 ಗುಂಡು 2 ಗುಂಡನ್ನು ಸರಿದೂಗಿಸಲೇಬೇಕು. ಸೈನ್ ಎಂಬ ಹೆಸರನ್ನೇ ಎತ್ತದೆ ಇಳಿಜಾರಿನ ಸೈನ್ ನಿಯಮ ಸಿಕ್ಕಿತು.

ಚಿತ್ರದಲ್ಲಿ ತೂಕವನ್ನೂ ಬರೆದು ಅದರ ಎರಡು ಘಟಕಗಳನ್ನೂ ಬರೆಯಬಹುದಾ?

ಬರೆಯಬಹುದು, ಆದರೆ ಲೆಕ್ಕಕ್ಕೆ ಒಂದನ್ನೇ ತೆಗೆದುಕೊಳ್ಳಿ. ಎರಡನ್ನೂ ಸೇರಿಸಿದರೆ ಒಂದೇ ತೂಕವನ್ನು ಎರಡು ಸಲ ಎಣಿಸಿದಂತೆ. ಘಟಕಗಳನ್ನು ಚುಕ್ಕೆ ಗೆರೆಯಲ್ಲಿ ಬರೆದು, ಅವು ಬಂದ ಕೂಡಲೇ ಮೂಲ ಬಾಣದ ಮೇಲೆ ಸಣ್ಣ ಗೀಟು ಹಾಕಿ.

ಘರ್ಷಣೆ ಯಾವಾಗಲೂ "ಮ್ಯೂ × ನಾರ್ಮಲ್ ಬಲ" ತಾನೇ?

ಜಾರುತ್ತಿರುವ ವಸ್ತುವಿಗೆ ಹೌದು. ನಿಂತಿರುವ ವಸ್ತುವಿಗೆ ಅಲ್ಲ. ಅಲ್ಲಿ ಅದು ಗರಿಷ್ಠ ಮಿತಿ ಮಾತ್ರ.

30° ಇಳಿಜಾರಿನ ಮೇಲೆ 5 ಕೆಜಿಯ ತುಂಡು ಇದೆ. ಸ್ಥಿರ ಘರ್ಷಣೆಯ ಗುಣಾಂಕ 0.6, ಚಲನ ಘರ್ಷಣೆಯದು 0.4. ತೂಕ 50 ನ್ಯೂಟನ್. ಜಾರಿಸುವ ಘಟಕ 25, ಲಂಬ ಘಟಕ 43.3. ಸ್ಥಿರ ಘರ್ಷಣೆ ಗರಿಷ್ಠ 0.6 × 43.3, ಅಂದರೆ ಸುಮಾರು 26. ಜಾರಿಸುವುದು 25 ಮಾತ್ರ, ಹಾಗಾಗಿ ತುಂಡು ಕದಲುವುದಿಲ್ಲ. ಈಗ ಘರ್ಷಣೆ ಎಷ್ಟು? 26 ಅಲ್ಲ, 25. ಬೇಕಾದಷ್ಟೇ ಅದು ಕೊಡುತ್ತದೆ. 26 ಕೊಟ್ಟಿದ್ದರೆ ತುಂಡು ತಾನಾಗಿ ಮೇಲಕ್ಕೆ ಹತ್ತಬೇಕಿತ್ತು!

ಇಳಿಜಾರನ್ನು 37°ಗೆ ಏರಿಸಿ. ಸೈನ್ ಸುಮಾರು 0.6, ಕಾಸ್ ಸುಮಾರು 0.8. ಜಾರಿಸುವ ಘಟಕ 30, ಲಂಬ ಘಟಕ 40, ಸ್ಥಿರ ಘರ್ಷಣೆಯ ಮಿತಿ 24. ಸಾಲದು, ತುಂಡು ಜಾರುತ್ತದೆ. ಜಾರಿದ ಮೇಲೆ ಸ್ಥಿರ ಗುಣಾಂಕವನ್ನು ಮರೆತು ಚಲನ ಗುಣಾಂಕ ಹಿಡಿಯಿರಿ: 0.4 × 40 = 16. ಉಳಿದ ಬಲ 14, ವೇಗೋತ್ಕರ್ಷ 2.8.

ಕದಲಲು ಶುರುವಾಗುವ ಕೋನದ ಟ್ಯಾನ್ ಸ್ಥಿರ ಗುಣಾಂಕಕ್ಕೆ ಸಮ. ಇಲ್ಲಿ ಸುಮಾರು 31°. ತುಂಡು 5 ಕೆಜಿ ಇರಲಿ, 50 ಕೆಜಿ ಇರಲಿ, ಕೋನ ಅದೇ. ಎರಡೂ ಘಟಕದಲ್ಲಿ ತೂಕ ಇರುವುದರಿಂದ ಅದು ಹೊಡೆದುಹೋಗುತ್ತದೆ.

ಇಳಿಜಾರಿನ ಮೇಲಿನ ವಸ್ತುವನ್ನು ನೆಲಕ್ಕೆ ಸಮಾಂತರವಾಗಿ ತಳ್ಳಿದರೆ?

ಹೆಚ್ಚು ಜನ ಎಡವುವ ಲೆಕ್ಕ ಇದು. ಇಲ್ಲಿ ತೂಕವೂ ಓರೆ, ತಳ್ಳುವ ಬಲವೂ ಓರೆ. ಅದೇ 5 ಕೆಜಿ ತುಂಡು, 37° ಇಳಿಜಾರು, ಸ್ಥಿರ ಗುಣಾಂಕ 0.6. ಇಳಿಜಾರಿನ ಕಡೆಗೆ ಅಡ್ಡಲಾಗಿ 40 ನ್ಯೂಟನ್ ಹಾಕಿ ತಳ್ಳುತ್ತಿದ್ದೇವೆ.

ಮೊದಲು ಕೋನ ಹುಡುಕಿ. ಅಡ್ಡ ಬಲಕ್ಕೂ ಇಳಿಜಾರಿನ ಉದ್ದಕ್ಕೂ ನಡುವೆ 37°. ಹಾಗಾಗಿ ಈ ಸಲ ಉದ್ದಕ್ಕೆ ಕಾಸ್: 40 × 0.8 = 32 ಮೇಲ್ಮುಖವಾಗಿ. ಮೇಲ್ಮೈಯ ಒಳಗೆ ಒತ್ತುವುದಕ್ಕೆ ಸೈನ್: 40 × 0.6 = 24. ತೂಕಕ್ಕೆ ಹಾಕಿದ್ದರ ಉಲ್ಟಾ ಬಂತು ನೋಡಿ. ಬಾಯಿಪಾಠ ಕೈಕೊಡುವುದು ಇಲ್ಲೇ.

ನಾರ್ಮಲ್ ಬಲ ತೂಕದಿಂದ 40, ತಳ್ಳುವುದರಿಂದ 24, ಒಟ್ಟು 64. ಘರ್ಷಣೆಯ ಮಿತಿ 38.4. ಉದ್ದಕ್ಕೆ 32 ಮೇಲಕ್ಕೆ, 30 ಕೆಳಕ್ಕೆ. ವ್ಯತ್ಯಾಸ 2 ಮಾತ್ರ. ತುಂಡು ನಿಂತೇ ಇರುತ್ತದೆ. ಘರ್ಷಣೆ 2 ನ್ಯೂಟನ್, ಅದೂ ಇಳಿಜಾರಿನ ಕೆಳಮುಖವಾಗಿ! ಘರ್ಷಣೆ ಯಾವಾಗಲೂ ಮೇಲ್ಮುಖ ಎಂದು ಮೊದಲೇ ಬಾಣ ಬರೆದಿಟ್ಟವರಿಗೆ ಇಲ್ಲಿ ಚಿಹ್ನೆ ತಪ್ಪುತ್ತದೆ. ಘರ್ಷಣೆ ಇಲ್ಲದಿದ್ದರೆ ವಸ್ತು ಯಾವ ಕಡೆ ಹೋಗುತ್ತಿತ್ತು ಎಂದು ಕೇಳಿಕೊಳ್ಳಿ, ಅದರ ಎದುರು ದಿಕ್ಕಿಗೆ ಬಾಣ ಹಾಕಿ.

ಇದೇ ತುಂಡು ಅಡ್ಡ ಬಲ ಸುಮಾರು 5.2 ನ್ಯೂಟನ್ನಿಂದ 122.7 ನ್ಯೂಟನ್ವರೆಗೆ ಎಷ್ಟಿದ್ದರೂ ಕದಲುವುದಿಲ್ಲ. ಕಡಿಮೆಯಾದರೆ ಕೆಳಗೆ ಜಾರುತ್ತದೆ, ಹೆಚ್ಚಾದರೆ ಮೇಲಕ್ಕೆ ಹೊರಡುತ್ತದೆ. ಈ ಎರಡು ಗಡಿಗಳನ್ನು ನೀವೇ ತೆಗೆದು ನೋಡಿ. ಒಂದರಲ್ಲಿ ಘರ್ಷಣೆ ಮೇಲ್ಮುಖ, ಇನ್ನೊಂದರಲ್ಲಿ ಕೆಳಮುಖ, ಎರಡರಲ್ಲೂ ಪೂರ್ತಿ ಮಿತಿಯಲ್ಲಿ.

ಇಳಿಜಾರು ಎಂದ ಮೇಲೆ ನಾರ್ಮಲ್ ಬಲ "ಎಂಜಿ ಕಾಸ್ ಥೀಟಾ" ಎಂದು ನೇರ ಬರೆಯಬಹುದಲ್ವಾ?

ಬೇಡ. "ಎಂಜಿ" ಎಂದರೆ ತೂಕ; ಎರಡು ಷರತ್ತು ಕೂಡಿ ಬಂದರೆ ಮಾತ್ರ ಆ ಸೂತ್ರ ಸರಿ. ಬೇರೆ ಯಾವ ಬಲವೂ ಮೇಲ್ಮೈಗೆ ಲಂಬವಾಗಿ ಒತ್ತಬಾರದು ಅಥವಾ ಎಳೆಯಬಾರದು. ಆ ದಿಕ್ಕಿನಲ್ಲಿ ವೇಗೋತ್ಕರ್ಷವೂ ಇರಬಾರದು. ಮೇಲಿನ ಲೆಕ್ಕದಲ್ಲಿ ಮೊದಲ ಷರತ್ತು ಮುರಿಯಿತು, 40 ಇರಬೇಕಾದದ್ದು 64 ಆಯಿತು.

ಎರಡನೆಯದು ಮುರಿಯುವುದು ಒಂದು ಬದಿಗೆ ಓರೆ ಮಾಡಿದ ತಿರುವು ರಸ್ತೆಯಲ್ಲಿ. ಘರ್ಷಣೆಯ ನೆರವೇ ಬೇಡದ ವೇಗದಲ್ಲಿ ವಾಹನ ತಿರುಗುವಾಗ ವೇಗೋತ್ಕರ್ಷ ವೃತ್ತದ ಕೇಂದ್ರದ ಕಡೆಗೆ, ಅಂದರೆ ನೆಲಕ್ಕೆ ಸಮಾಂತರವಾಗಿರುತ್ತದೆ. ಅಲ್ಲಿ ನಾರ್ಮಲ್ ಬಲದ ಮೇಲ್ಮುಖ ಘಟಕ ತೂಕಕ್ಕೆ ಸಮ ಆಗಬೇಕು. ಹಾಗಾಗಿ ನಾರ್ಮಲ್ ಬಲ "ಎಂಜಿ ಭಾಗಿಸು ಕಾಸ್ ಥೀಟಾ". ಇಳಿಜಾರಿನ ಚಿತ್ರ ಒಂದೇ, ಒಂದು ಕಡೆ ಕಾಸ್‌ನಿಂದ ಗುಣಿಸಬೇಕು, ಇನ್ನೊಂದು ಕಡೆ ಭಾಗಿಸಬೇಕು.

ವಸ್ತುವಿನ ತಳ ದೊಡ್ಡದಾದರೆ ಘರ್ಷಣೆ ಹೆಚ್ಚಾಗುತ್ತದಾ?

ಈ ಲೆಕ್ಕಗಳ ಮಟ್ಟಿಗೆ ಇಲ್ಲ. ಘರ್ಷಣೆ ಒತ್ತುವ ಬಲಕ್ಕೆ ತಕ್ಕಂತೆ ಇರುತ್ತದೆ, ತಾಗುವ ವಿಸ್ತೀರ್ಣಕ್ಕೆ ಅಲ್ಲ. 1699ರಲ್ಲಿ ಫ್ರೆಂಚ್ ವಿಜ್ಞಾನಿ ಗಿಯೋಮ್ ಅಮೊಂಟೊನ್ಸ್ ಇದನ್ನು ಪ್ರಕಟಿಸಿದರು. ಮುಂದಿನ ಶತಮಾನದಲ್ಲಿ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ಚಾರ್ಲ್ಸ್ ಕೂಲಂಬ್ ಇನ್ನಷ್ಟು ಪ್ರಯೋಗ ಮಾಡಿ ನಿಯಮಗಳನ್ನು ಗಟ್ಟಿ ಮಾಡಿದರು.

ಕ್ರಮ ಎಲ್ಲ ಸರಿ ಇದ್ದೂ ಉತ್ತರ ವಿಚಿತ್ರವಾಗಿ ಬರುತ್ತಿದೆ. ಯಾಕೆ?

ಮೊದಲು ಕ್ಯಾಲ್ಕುಲೇಟರ್ ನೋಡಿ. ಅದು ಡಿಗ್ರಿಯ ಬದಲು ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಲೆಕ್ಕದಲ್ಲಿದ್ದರೆ ಸೈನ್ 30 ಒತ್ತಿದಾಗ 0.5 ಬದಲು −0.988 ಬರುತ್ತದೆ. ಆಮೇಲೆ ನಾರ್ಮಲ್ ಬಲದ ಚಿಹ್ನೆ ನೋಡಿ. ಅದು ಋಣ ಸಂಖ್ಯೆಯಾಗಿದ್ದರೆ ವಸ್ತು ಮೇಲ್ಮೈ ಬಿಟ್ಟು ಎದ್ದಿದೆ ಎಂದು ಅರ್ಥ. ಆಗ ನಾರ್ಮಲ್ ಬಲವೂ ಇಲ್ಲ, ಘರ್ಷಣೆಯೂ ಇಲ್ಲ.

ಗೋಡೆಗೆ ಒತ್ತಿ ಹಿಡಿದ ವಸ್ತುವಿನ ಲೆಕ್ಕಕ್ಕೂ ಇದೇ ದಾರಿಯಾ?

ಇದೇ ದಾರಿ, ಆದರೆ ಮೇಲ್ಮೈ ಈಗ ನೆಟ್ಟಗೆ ನಿಂತಿದೆ. ನಾರ್ಮಲ್ ಬಲ ಅಡ್ಡಕ್ಕೆ, ಘರ್ಷಣೆ ಮೇಲೆ ಅಥವಾ ಕೆಳಗೆ. ತೂಕ ನಾರ್ಮಲ್ ಬಲದೊಳಗೆ ಬರುವುದೇ ಇಲ್ಲ.

2 ಕೆಜಿ ತುಂಡು, ತೂಕ 20 ನ್ಯೂಟನ್. 40 ನ್ಯೂಟನ್ ಬಲವನ್ನು ನೇರ ಅಡ್ಡಕ್ಕೆ ಹಾಕಿ ಗೋಡೆಗೆ ಒತ್ತಿದರೆ ನಾರ್ಮಲ್ ಬಲ 40. ಬೇಕಾದ ಘರ್ಷಣೆ 20. ಗುಣಾಂಕ ಕನಿಷ್ಠ 0.5 ಇರಬೇಕು. ಅದೇ ಬಲವನ್ನು 30° ಮೇಲ್ಮುಖವಾಗಿ ಓರೆ ಮಾಡಿ. ಗೋಡೆಗೆ ಒತ್ತುವುದು 34.6, ಮೇಲಕ್ಕೆತ್ತುವುದು 20. ತೂಕ ಪೂರ್ತಿ ಸರಿಹೋಯಿತು, ಘರ್ಷಣೆ ಸೊನ್ನೆ. ಗೋಡೆ ಎಷ್ಟೇ ನುಣುಪಾಗಿದ್ದರೂ ತುಂಡು ನಿಲ್ಲುತ್ತದೆ. ಇನ್ನು 30° ಕೆಳಮುಖವಾಗಿ ಒತ್ತಿದರೆ ನಾರ್ಮಲ್ ಬಲ ಅದೇ 34.6, ಆದರೆ ಘರ್ಷಣೆ ಹೊರಬೇಕಾದದ್ದು 20 + 20 = 40. ಗುಣಾಂಕ ಸುಮಾರು 1.15 ಇಲ್ಲದಿದ್ದರೆ ತುಂಡು ಜಾರಿ ಬೀಳುತ್ತದೆ.